ಬೆರಳಿಗೆ ಸುಣ್ಣ ಹತ್ತಿದ ಹೊತ್ತು

ಮೊನ್ನೆ ಕಲಬುರಗಿಯಲ್ಲಿ ಮೊಮ್ಮಗಳು ಕಟ್ಟಿಸುತ್ತಿರುವ ಮನೆ ನೋಡಲು ಹೋಗಿದ್ದೆ. ಹಿಂದಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಗೋಡೆಗೆ ಮೆತ್ತಿದ ಹಸಿ ಗಿಲಾವು ಸುಣ್ಣದ ನೀರನ್ನು ಗಟಗಟ ಕುಡಿಯುವಾಗ ಒಂದು ವಾಸನೆ ಬರುತ್ತದೆ ನೋಡಿ, ಅರ್ಧ ಮಣ್ಣು, ಅರ್ಧ ಮಳೆ, ಮೇಲೊಂದಿಷ್ಟು ಖಾರ. ಅದು ಮೂಗಿಗೆ ಬಡಿದದ್ದೇ ತಡ, ಎಪ್ಪತ್ತರ ಹತ್ತಿರ ಬಂದಿರುವ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟಿನಲ್ಲಿ ಬೆರಳು ಅದ್ದಿ, ಗೋಡೆಯ ಮೇಲೆ ಬಳ್ಳಿ ಎಳೆಯಲು ಶುರು ಮಾಡಿಯೇಬಿಟ್ಟೆ. "ಅಯ್ಯ, ಅಮ್ಮಾ, ಕೈ ಸುಡ್ತದ, ಬಿಡು!" ಎಂದು ಮೊಮ್ಮಗಳು ಕೂಗಿಕೊಂಡಳು. ನಾನು ಉತ್ತರ ಕೊಡಲಿಲ್ಲ. ಇನ್ನೆರಡು ಸಲ ಕೂಗಿದಳು, ಹತ್ತಿರ ಬಂದು ಮುಖ ನೋಡಿದಳು, ಮುದುಕಿಗೆ ಏನೋ ಆಗಿಹೋಯಿತೆಂದು ಹೆದರಿ ನೀರು ತರಲು ಓಡಿದಳು. ಏನೂ ಆಗಿರಲಿಲ್ಲ. ಬೆರಳಿಗೆ ಸುಣ್ಣ ಹತ್ತಿದ ಮೇಲೆ ನಾನು ಮಾತಾಡುವುದಿಲ್ಲ, ಅಷ್ಟೇ. ಯಾಕೆಂದು ಹೇಳಬೇಕಾದರೆ ನಿಂಬರ್ಗಾದ ಒಂದು ಚಳಿಗಾಲವನ್ನು ಪೂರ್ತಿಯಾಗಿ ಹೇಳಬೇಕು. ಹೇಳುತ್ತೇನೆ, ನೆನೆಸಿಕೊಂಡರೆ ಈಗಲೂ ನನ್ನ ಕೈ ಸುಮ್ಮನಿರುವುದಿಲ್ಲ.

ಜೇವರ್ಗಿ ತಾಲ್ಲೂಕಿನ ಯಡ್ರಾಮಿ ನನ್ನ ತವರು. ಆಗ ನಿಜಾಮರ ರಾಜ್ಯ. ಎಲ್ಲೋ ದೂರದಲ್ಲಿ ದೊಡ್ಡ ಯುದ್ಧ ನಡೆದು, ಅದರ ಬಿಸಿ ನಮ್ಮವರೆಗೂ ಬಂದು, ಊರಲ್ಲಿ ಸೀಮೆಎಣ್ಣೆ ಸಿಗದಂತಾಗಿದ್ದ ಕಾಲ. ಹದಿನೇಳು ತುಂಬುವ ಹೊತ್ತಿಗೆ ನನ್ನನ್ನು ಆಳಂದ ತಾಲ್ಲೂಕಿನ ನಿಂಬರ್ಗಾಕ್ಕೆ ಕೊಟ್ಟರು. ತವರಿನಲ್ಲಿ ಅಪ್ಪ, ಅವ್ವ, ನಾನು, ಮೂರೇ ಜನ. ಅವರಿಬ್ಬರೂ ಮಿತಭಾಷಿಗಳು. ಮನೆಯಲ್ಲಿ ಮಾತು ಬೇಕೆಂದರೆ ನಾನೇ ಆಡಬೇಕಿತ್ತು, ಧಾರಾಳವಾಗಿ ಆಡುತ್ತಿದ್ದೆ. ಯಾರೂ ಸಿಗದಿದ್ದರೆ ಎಮ್ಮೆಯ ಜೊತೆ, ಎಮ್ಮೆ ಮೇಯಲು ಹೋಗಿದ್ದರೆ ಬೀಸುಕಲ್ಲಿನ ಜೊತೆ. ಅಂಥವಳನ್ನು ಹದಿನಾಲ್ಕು ಜನರ ಮನೆಗೆ ತಂದು ಹಾಕಿದರು.

ಆ ಮನೆಯ ಗದ್ದಲವನ್ನು ಹೇಗೆ ಹೇಳಲಿ! ಕೋಳಿ ಕೂಗುವ ಮೊದಲೇ ಅತ್ತೆ ಕೂಗುತ್ತಿದ್ದರು. ಅಲ್ಲಿಂದ ಶುರುವಾದರೆ ರೊಟ್ಟಿ ಬಡಿಯುವ ಸದ್ದು, ನೆಲದೊಳಗಿನ ಹಗೇವಿನಿಂದ ಜೋಳ ತೆಗೆಯುವವರ ಸದ್ದು, ನೆಗೆಣ್ಣಿ ಸಿದ್ದಮ್ಮನ ಐದು ಮಕ್ಕಳ ಸದ್ದು. ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಐದನೆಯ ಕೂಸು ಇನ್ನೂ ಆಕೆಯ ಮಡಿಲಲ್ಲೇ ಇತ್ತು. ಎಲ್ಲರ ಬಾಯಲ್ಲೂ ನನ್ನ ಹೆಸರು. "ಜಗದೇವಿ, ನೀರು!" "ಜಗದೇವಿ, ಸಗಣಿ!" "ಕಾಕೀ, ಇಂವ ನನ್ನ ರೊಟ್ಟಿ ಕಸಗೊಂಡ!" ಬಾವಿಯ ಹಗ್ಗದ ಹಾಗೆ ನನ್ನ ಹೆಸರು ಎಳೆದು ಎಳೆದು ಸವೆದುಹೋಗಿತ್ತು. ನಾನೇನು ಸುಮ್ಮನಿರುತ್ತಿದ್ದೆನೇ? ಒಂದಕ್ಕೆ ಎರಡು ಉತ್ತರ ಕೊಡುತ್ತಿದ್ದೆ. ಮೂಗಿನ ತುದಿಯಲ್ಲೇ ಸಿಟ್ಟು. ರಾತ್ರಿ ಮಲಗಿದ ಮೇಲೂ ಹಗಲಿನ ಜಗಳಗಳನ್ನು ಮನಸ್ಸಿನಲ್ಲೇ ಮುಂದುವರಿಸಿ, ಎಲ್ಲದರಲ್ಲೂ ಗೆದ್ದು, ಆಮೇಲೆ ನಿದ್ದೆ ಹೋಗುತ್ತಿದ್ದೆ.

ಮದುವೆಯಾಗಿ ಎರಡನೆಯ ಚಳಿಗಾಲ ಅದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆರೊಟ್ಟಿ, ಕಡಬು ಎಂದು ಹೊಟ್ಟೆ ಬಿರಿಯುವಂತೆ ಉಂಡು ಬಂದಿದ್ದೆವು. ಜೋಳ ಹಾಲುಗಾಳಿಗೆ ಬಂದಿತ್ತು. ತೊಗರಿ ಕೊಯ್ದು ಅಂಗಳದ ಹಿಂದೆ ಬಣವೆ ಒಟ್ಟಿದ್ದರು. ಕಪ್ಪು ಹೊಲ ಚಳಿಗೆ ಬಿರುಕುಬಿಟ್ಟಿತ್ತು, ನಮ್ಮ ತುಟಿಗಳೂ ಹಾಗೆಯೇ. ಅಂಥದ್ದರಲ್ಲಿ ನಾದಿನಿ ನೀಲಾಳಿಗೆ ಅಫಜಲಪುರದಿಂದ ಸಂಬಂಧ ಕೂಡಿಬಂತು, ಶಿವರಾತ್ರಿಗೆ ಮೊದಲೇ ಮದುವೆ ಎಂದು ಗಟ್ಟಿಯಾಯಿತು. ಒಂದು ಕಡೆ ತೊಗರಿ ರಾಶಿ, ಇನ್ನೊಂದು ಕಡೆ ಮದುವೆ. ಮನೆ ಕಾದ ಹಂಚಿನ ಮೇಲಿನ ಜೋಳದ ಕಾಳಿನಂತೆ ಚಟಚಟ ಸಿಡಿಯತೊಡಗಿತು.

ಮಳೆಗಾಲದಲ್ಲಿ ಪಡಸಾಲೆಯ ಮೂಡಲ ಗೋಡೆ ಕುಸಿದಿತ್ತು. ಅದನ್ನು ಮತ್ತೆ ಎತ್ತಲು ಗೌಂಡಿ ಲಾಲಸಾಬ ಬಂದ. ಮಾವನಿಗಿಂತ ಹಿರಿಯ ಮನುಷ್ಯ, ಬಿಳಿ ಗಡ್ಡ, ಆ ಮನೆಯ ಅರ್ಧ ಗೋಡೆಗಳೆಲ್ಲ ಅವನ ಕೈಯವೇ. ಸೊಸೆಯಂದಿರನ್ನೆಲ್ಲ ಬೇಟಿ, ಅಂದರೆ ಮಗಳೇ, ಎಂದು ಕರೆಯುತ್ತಿದ್ದ. ಮಣ್ಣಿಗೆ ತೊಗರಿ ಹೊಟ್ಟು, ಸಗಣಿ ಹಾಕಿ ನಾಲ್ಕು ದಿನ ತುಳಿದು, ಗೋಡೆಗೆ ಬಳಿದು, ಅಂಗೈಯಿಂದ ತಿಕ್ಕಿ ತಿಕ್ಕಿ ನೀರಿನಷ್ಟು ನುಣುಪು ಮಾಡುತ್ತಿದ್ದ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಗೆ ಮೊದಲು ಮೂಡಲ ಗೋಡೆಗೆ ಸುಣ್ಣದಲ್ಲಿ ಚಿತ್ರ ಬರೆಯಬೇಕು. ಒಂದು ಬಾಗಿಲ ಚೌಕಟ್ಟಿನಿಂದ ಹೊರಟ ಬಳ್ಳಿ ಗೋಡೆಯನ್ನೆಲ್ಲ ಸುತ್ತಾಡಿ ಇನ್ನೊಂದು ಚೌಕಟ್ಟನ್ನು ಮುಟ್ಟಬೇಕು. ಬಳ್ಳಿಯ ತಿರುವುಗಳಲ್ಲಿ ಸೂರ್ಯ, ಚಂದ್ರ, ಜೋಳದ ತೆನೆ, ಎತ್ತು, ತೊಟ್ಟಿಲು. ಬರೆಯುವಾಕೆ ಬೆರಳಿಗೆ ಸುಣ್ಣ ಹತ್ತಿದಾಗಿನಿಂದ ಕೈ ತೊಳೆಯುವ ತನಕ ಬಾಯಿ ತೆರೆಯಬಾರದು. ಆಕೆಯನ್ನು ಯಾರೂ ಕರೆಯಲೂಬಾರದು. ನಡುವೆ ಮಾತು ಬಿದ್ದರೆ ಮದುಮಕ್ಕಳು ಜೀವಮಾನವಿಡೀ ಜಗಳಾಡುತ್ತಾರೆಂದು ನಂಬಿಕೆ. ಈ ಕೆಲಸ ಯಾರಿಗೂ ಬೇಡವಾಗಿತ್ತು. ರಾಶಿಯ ಕಾಲದಲ್ಲಿ ಮೂಕಿಯ ಹಾಗೆ ಗೋಡೆಗೆ ಮುಖ ಹಾಕಿ ನಿಲ್ಲುವುದಕ್ಕೆ ಯಾರಿಗೆ ಪುರಸತ್ತು?

ನನಗೆ ಅದು ಸಿಕ್ಕಿದ್ದು ಶಿಕ್ಷೆಯಾಗಿ. ಮೊಸರಿನ ಗಡಿಗೆ ಮುಚ್ಚದೆ ಬಿಟ್ಟವರು ಯಾರು ಎಂದು ಸಿದ್ದಮ್ಮನಿಗೂ ನನಗೂ ಹತ್ತಿಕೊಂಡಿತು. ಬೆಕ್ಕು ಕುಡಿದ ಮೊಸರು ಎಷ್ಟೋ ಅಷ್ಟೇ, ನಮ್ಮ ಜಗಳ ಮಾತ್ರ ಓಣಿಯ ಆ ತುದಿಯವರೆಗೆ ಕೇಳಿಸಿತು. ಅತ್ತೆ ಕಟ್ಟೆಯ ಮೇಲಿನಿಂದ ಎದ್ದು ಬಂದರು. ಸಣ್ಣ ಆಳು, ದೊಡ್ಡ ದನಿ, ಸೊಂಟದಲ್ಲಿ ಸದಾ ಕೀಲಿಗೊಂಚಲು.

"ಗ್ವಾಡಿ ಈಕಿಗೇ ಕೊಡ್ರಿ. ದಿನಾ ಒಂದ್ ತಾಸರೆ ಬಾಯಿ ಮುಚ್ಚತಾಳ. ಓಣಿ ಮಂದಿ ನಮಗ ಕೈಮುಗಿತಾರ."

ಸಿದ್ದಮ್ಮ ಸೆರಗಿನಲ್ಲಿ ನಕ್ಕಳು. ನಾನು ಉರಿದುಹೋದೆ.

ಮರುದಿನ ಬೆಳಿಗ್ಗೆ ಸುಣ್ಣದ ಕುಡಿಕೆ ಹಿಡಿದು ಗೋಡೆಯ ಮುಂದೆ ನಿಂತೆ. ಒಂಬತ್ತು ಮೊಳದ ಗೋಡೆ, ತಂಪಾಗಿ, ಖಾಲಿಯಾಗಿ. ಬೆರಳು ಅದ್ದಿ ಮೊದಲ ಗೆರೆ ಎಳೆದೆ. ಅಯ್ಯೋ, ಅದು ಗೆರೆಯೇ? ಚಳಿಜ್ವರ ಬಂದವರ ಕೈಯಂತೆ ನಡುಗಿತು. ಒರೆಸಿದೆ, ಮತ್ತೆ ಎಳೆದೆ, ಮತ್ತೆ ನಡುಗಿತು. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾದವು. ಗೋಡೆಯ ಮೇಲ್ತುದಿಯಲ್ಲಿ ಗಿಲಾವು ಮುಗಿಸುತ್ತಿದ್ದ ಲಾಲಸಾಬ ನಿಚ್ಚಣಿಕೆಯ ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದ. ನನ್ನನ್ನು ಮಾತಾಡಿಸುವಂತಿಲ್ಲ. ಅವನೇನು ಮಾಡಿದ ಗೊತ್ತೇ? ಗಿಲಾವು ಸವರುವ ಕರಣೆಯನ್ನು ಮುಖದ ಮುಂದೆ ಹಿಡಿದು ಅದರ ಜೊತೆ ಮಾತಿಗಿಳಿದ.

"ಅರೆ ಕರಣಿ, ಉಸಿರು ಬಿಗಿಹಿಡಿದು ಯಾಕ ಎಳಿತಿ? ಉಸಿರು ಹಿಡಿದ್ರ ಕೈ ನಡಗ್ತದ. ಉಸಿರು ಬಿಡಕೋತ ಎಳಿ. ಉಸಿರು ಮುಗೀತಾ? ಗೆರಿ ನಿಂದರ್ಸು. ಜರಾ ನಿಂದ್ರು, ಉಸಿರು ತಗೊ, ಆಮ್ಯಾಲ ಮುಂದ. ಎದಕ ಅವಸರ? ಗ್ವಾಡಿ ಎಲ್ಲೂ ಓಡಿ ಹೋಗಂಗಿಲ್ಲ."

ನಗು ಬಂತು, ನುಂಗಿಕೊಂಡೆ. ಬೆರಳು ಅದ್ದಿದೆ. ಉಸಿರನ್ನು ಮೆಲ್ಲಗೆ ಬಿಡುತ್ತ ಎಳೆದೆ. ಗೆರೆ ಬಂತು! ನೇರವಾಗಿ, ತುಂಬಿಕೊಂಡು, ಬಾಗುವಲ್ಲಿ ತಾನೇ ಬಾಗಿ ಬಂತು. ಉಸಿರು ಮುಗಿದಲ್ಲಿ ನಿಲ್ಲಿಸಿದೆ, ಎಲೆ ಬರೆದೆ. ಮತ್ತೆ ಉಸಿರು, ಮತ್ತೆ ಗೆರೆ. ಒದ್ದೆಯಿದ್ದಾಗ ಸುಣ್ಣ ಕಾಣಿಸುವುದೇ ಇಲ್ಲ, ಬರೀ ನೀರಿನ ಗುರುತು. ಒಂದೆರಡು ಗಳಿಗೆ ಕಳೆದ ಮೇಲೆ ಹಿಂದೆ ಎಳೆದ ಬಳ್ಳಿ ಒಂದೊಂದೇ ಎಲೆಯಾಗಿ ಬೆಳ್ಳಗೆ ಎದ್ದು ಬರುತ್ತದೆ. ಅದನ್ನು ಕಂಡು ನನಗೆ ಕುಣಿಯಬೇಕೆನಿಸಿತು.

ಆಮೇಲೆ ನಡೆದದ್ದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಮಕ್ಕಳು ಅಳುತ್ತಿದ್ದರು, ಅಂಗಳದಲ್ಲಿ ತೊಗರಿ ಬಡಿಯುತ್ತಿದ್ದರು, ಅತ್ತೆ ಯಾರನ್ನೋ ಬೈಯುತ್ತಿದ್ದರು. ಎಲ್ಲವೂ ಕೇಳಿಸುತ್ತಿತ್ತು, ಯಾವುದೂ ನನ್ನದಾಗಿರಲಿಲ್ಲ. ಹೊರಗಿನ ಜನ ಇರಲಿ, ನನ್ನ ತಲೆಯೊಳಗೆ ಹಗಲೂ ರಾತ್ರಿ ಜಗಳಾಡುತ್ತಿದ್ದ ಜನರೂ ಸುಮ್ಮನಾಗಿದ್ದರು. ಮೊಸರಿನ ಗಡಿಗೆಯನ್ನು ಬೇಕೆಂದೇ ನೆನೆಸಿಕೊಂಡು ನೋಡಿದೆ, ಸಿಟ್ಟು ಬರಲಿಲ್ಲ. ಎಷ್ಟು ವಿಚಿತ್ರ! ಕೈ ತೊಳೆದು ಅಡುಗೆ ಮನೆಗೆ ಹೋದಾಗ ಸಿದ್ದಮ್ಮ ಚುಚ್ಚಿದಳು, "ಬಾಯಿಗಿ ಬೀಗ ಹ್ಯಾಂಗಿತ್ತ ಬೇ?" ನಾನು ನಕ್ಕುಬಿಟ್ಟೆ. ಆಕೆ ಹಿಟ್ಟಿನ ಕೈಯಲ್ಲೇ ನನ್ನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದಳು.

ಅಂದಿನಿಂದ ಬೆಳಗಾಗುವುದನ್ನೇ ಕಾಯತೊಡಗಿದೆ. ಅಷ್ಟು ಖುಷಿಯನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ, ಸುಳ್ಳೇಕೆ ಹೇಳಲಿ. ಹೊಲದಿಂದ ಬರುವಾಗ ಜೋಳದ ತೆನೆ ಯಾವ ಕಡೆ ಬಾಗಿದೆ ಎಂದು ನೋಡುತ್ತಿದ್ದೆ. ಎತ್ತಿನ ಬೆನ್ನ ಮೇಲಿನ ಇಣಿ ಎಲ್ಲಿಂದ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ನೋಡುತ್ತಿದ್ದೆ. ಒಂದೂವರೆ ವರ್ಷ ಅದೇ ಎತ್ತಿಗೆ ಮೇವು ಹಾಕಿದ್ದೆ, ಅದಕ್ಕೆ ಎಷ್ಟು ಉದ್ದ ರೆಪ್ಪೆಗಳಿವೆ ಎಂದು ಆಗ ಮೊದಲ ಸಲ ಕಂಡೆ. ಹಿಟ್ಟಿನಲ್ಲಿ ಗೆರೆ, ಬೂದಿಯಲ್ಲಿ ಗೆರೆ, ನಮ್ಮವರ ಬೆನ್ನ ಮೇಲೂ ಬೆರಳಿನಿಂದ ಗೆರೆ. "ಏನ್ ಬರಿಯಾಕತ್ತಿ?" ಎಂದರು ಅವರು. "ಎತ್ತು" ಎಂದೆ. ಪಾಪ, ಏನು ತಿಳಿದುಕೊಂಡರೋ.

ಖುಷಿ ಹೆಚ್ಚಾದಾಗ ದುರಾಸೆ ಹುಟ್ಟುತ್ತದೆ. ನನಗೂ ಹುಟ್ಟಿತು. ಕೈ ತೊಳೆಯುವ ತನಕ ಯಾರೂ ಕರೆಯುವಂತಿಲ್ಲ ಎಂದಮೇಲೆ, ಕೈ ತೊಳೆದರೆ ತಾನೇ ಕರೆಯುವುದು! ನಾಲ್ಕನೆಯ ದಿನ ಚಿತ್ರ ನಿಲ್ಲಿಸಿದ ಮೇಲೆ ಕೈ ತೊಳೆಯಲಿಲ್ಲ. ಬಿಳಿ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ಅಂಗಳ ದಾಟಿದೆ. ಅತ್ತೆ ಬಾಯಿ ತೆರೆದವರು ಕೈ ನೋಡಿ ಮುಚ್ಚಿಕೊಂಡರು. ಮಕ್ಕಳು ದಾರಿ ಬಿಟ್ಟರು. ದಿವಾನರ ಹಾಗೆ ನಡೆದುಹೋಗಿ ತೊಗರಿ ಬಣವೆಯ ಹಿಂದೆ ಎಳೆಬಿಸಿಲಿಗೆ ಕಾಲು ಚಾಚಿ ಕುಳಿತೆ. ಐದನೆಯ ದಿನವೂ ಹಾಗೇ. ಆರನೆಯ ದಿನ ಮಡಿಲಲ್ಲಿ ಹುರಿದ ಶೇಂಗಾ, ಬೆಲ್ಲ ಬೇರೆ ಕಟ್ಟಿಕೊಂಡು ಹೋದೆ. ಬಲಗೈಗೆ ಸುಣ್ಣ. ಎಡಗೈಯಿಂದ ಸುಲಿದು ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಅದೇ ಹೊತ್ತಿಗೆ ಅಫಜಲಪುರದ ಬೀಗರ ಕಮಾನಿನ ಬಂಡಿ ಹಿತ್ತಲ ಕಡೆಯಿಂದ ಬಂತು. ಮುಂಬಾಗಿಲ ಓಣಿಯಲ್ಲಿ ರಾಶಿಯ ಗಾಡಿಗಳು ನಿಂತಿದ್ದರಿಂದ ಇತ್ತ ತಿರುಗಿಸಿದ್ದರು. ಯಾರಿಗೂ ಹೇಳಿ ಕಳಿಸಿರಲಿಲ್ಲ, ಸೀರೆಯ ಮಾತಾಡಲು ಬಂದಿದ್ದರಂತೆ. ವರನ ಸೋದರತ್ತೆ ಮೊದಲು ಇಳಿದಳು. ಎತ್ತರದ ಹೆಂಗಸು, ಕಣ್ಣು ಬಹಳ ಚುರುಕು.

"ಏನವ್ವ, ಈ ಮನಿ ಸೊಸಿನೇ? ನಿಮ್ಮತ್ತಿ ಒಳಗ ಅದಾರೇನು?"

ನನ್ನ ಬಾಯಲ್ಲಿ ಶೇಂಗಾ, ಕೈಯಲ್ಲಿ ಸುಣ್ಣ. ಮಾತಾಡಿದರೆ ನೀಲಾಳ ಸಂಸಾರ ಜಗಳದಲ್ಲಿ ಮುಳುಗುತ್ತದೆ. ಆಡದಿದ್ದರೆ ಮರ್ಯಾದೆ ಹೋಗುತ್ತದೆ. ಕಣ್ಣು ಬಿಟ್ಟುಕೊಂಡು ಬಿಳಿ ಕೈ ಎತ್ತಿ ತೋರಿಸಿದೆ. ಆ ಹೆಂಗಸಿಗೆ ಅದೇನು ಅರ್ಥವಾಗಬೇಕು? ಎರಡು ಹೆಜ್ಜೆ ಹಿಂದೆ ಸರಿದು, ನೇರ ಒಳಗೆ ಹೋಗಿ ಅತ್ತೆಯ ಮುಂದೆಯೇ ಹೇಳಿದಳು: "ಬೀಗತಿ, ನಿಮ್ಮ ಸೊಸಿ ಮೂಕಿನೇನ್ರಿ? ಮನ್ಯಾಗ ರಾಶಿ ನಡದದ, ಆಕಿ ಬಣವಿ ಹಿಂದ ಎಡಗೈಲೇ ಶೇಂಗಾ ತಿನಕೋತ ಕುಂತಾಳ. ನಮ್ಮ ಮನಿಗಿ ಬರಾಕಿಗೂ ಹಿಂಗೇ ಕಲಿಸೀರೇನು?"

ಅತ್ತೆ ಹೊರಗೆ ಬಂದರು. ನನ್ನ ಕೈ ಹಿಡಿದು ನೋಡಿದರು. ಸುಣ್ಣ ಒಣಗಿ, ಬಿರಿದು, ಹೊಟ್ಟು ಹೊಟ್ಟಾಗಿ ಉದುರುತ್ತಿತ್ತು. ಯಾವಾಗ ಚಿತ್ರ ನಿಲ್ಲಿಸಿದ್ದೆ ಎಂದು ಆ ಕೈಯೇ ಹೇಳಿಬಿಟ್ಟಿತು. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬೀಗರಿಗೆ ಊಟ ಹಾಕಿ, ಸಮಾಧಾನ ಹೇಳಿ, ನಕ್ಕು ಕಳಿಸಿಕೊಟ್ಟರು. ಆಮೇಲೆ ಗೋಡೆಯ ಬಳಿಯಿದ್ದ ಕುಡಿಕೆ ಎತ್ತಿಕೊಂಡು ಸಿದ್ದಮ್ಮನ ಮುಂದೆ ಇಟ್ಟರು.

"ನಾಳಿಂದ ಗ್ವಾಡಿ ನಿಂದು. ಈಕಿ ಮತ್ತ ಮುಟ್ಟಂಗಿಲ್ಲ."

ನಾನು ಅತ್ತುಬಿಟ್ಟೆ, ಗಟ್ಟಿಯಾಗಿ ಅತ್ತುಬಿಟ್ಟೆ. ಬಚ್ಚಲಲ್ಲಿ ಕುಳಿತು ಕೈ ತಿಕ್ಕಿ ತಿಕ್ಕಿ ತೊಳೆಯುತ್ತ ಅಳುತ್ತಿದ್ದೆ. ಅಳುವಾಗ ಒಂದು ಸಂಗತಿ ಹೊಳೆಯಿತು, ಅದು ಇನ್ನೂ ಹೊಟ್ಟೆ ಉರಿಸಿತು. ಬಣವೆಯ ಹಿಂದೆ ಮೂರು ದಿನ ಕುಳಿತೆನಲ್ಲ, ಅಲ್ಲಿ ನನಗೆ ಒಂದು ಗಳಿಗೆಯೂ ನೆಮ್ಮದಿ ಇರಲಿಲ್ಲ. ಯಾರು ನೋಡುತ್ತಾರೋ, ಸಿದ್ದಮ್ಮ ಏನನ್ನುತ್ತಾಳೋ, ಅವಳಿಗೆ ಏನುತ್ತರ ಕೊಡಲಿ ಎಂದು ತಲೆಯೊಳಗೆ ಅದೇ ಸಂತೆ. ಕೆಲಸ ತಪ್ಪಿಸಿಕೊಂಡು ಕುಳಿತಾಗ ಸಿಕ್ಕದ್ದು ಬರೀ ಶೇಂಗಾ. ನೆಮ್ಮದಿ ಇದ್ದದ್ದು ಗೆರೆಯಲ್ಲಿ. ಬೇಡದ್ದಕ್ಕೆ ಆಸೆಪಟ್ಟು ಬೇಕಾದದ್ದನ್ನು ಕೈಯಾರೆ ಕಳೆದುಕೊಂಡಿದ್ದೆ.

ಸಿದ್ದಮ್ಮ ಎರಡು ದಿನ ಪ್ರಯತ್ನಪಟ್ಟಳು, ಪಾಪ. ಬೆರಳು ಅದ್ದಿದ ಕೂಡಲೇ ಕೂಸು ಅಳುತ್ತಿತ್ತು. ಹಾಲು ಕುಡಿಯುವ ಕೂಸಿಗೆ ಪದ್ಧತಿ ಗೊತ್ತೇ? ಆಕೆ ಕೈ ತೊಳೆದು ಓಡುತ್ತಿದ್ದಳು, ಬರುವಷ್ಟರಲ್ಲಿ ಕುಡಿಕೆಯ ಮೇಲೆ ಕೆನೆ ಕಟ್ಟುತ್ತಿತ್ತು. ಎರಡು ದಿನಕ್ಕೆ ಗೋಡೆಯ ಮೇಲೆ ಬಂದದ್ದು ಅರ್ಧ ತೊಟ್ಟಿಲು. ನಾನು ರೊಟ್ಟಿ ಬಡಿಯುತ್ತ ಬಾಗಿಲ ಸಂದಿಯಿಂದ ಅದನ್ನೇ ನೋಡುತ್ತಿದ್ದೆ. ಮೂರನೆಯ ದಿನ ಲಾಲಸಾಬ ಬಂದು ಗೋಡೆಗೆ ಅಂಗೈ ಒತ್ತಿ ನೋಡಿದ. ಅತ್ತೆಯನ್ನು ಕರೆದು ಹೇಳಿದ:

"ಅಕ್ಕಾ, ಗ್ವಾಡಿ ಒಣಗ್ಲಾಕತ್ತದ. ಇನ್ನ ಐದಾರು ದಿನ ಹಸಿ ಇರ್ತದ ನೋಡ್ರಿ. ಆಮ್ಯಾಲ ಬರದ್ರ ಸುಣ್ಣ ಹಿಡಿಯಂಗಿಲ್ಲ, ಮದವಿ ದಿನಾನೇ ಉದರ್ತದ. ಆ ಹುಡುಗಿ ಕೈ ಚಲೋ ಅದ. ತಪ್ಪ ಮಾಡ್ಯಾಳ, ಖರೆ. ಶಿಕ್ಷಾ ಗ್ವಾಡಿಗಿ ಯಾಕ?"

ಅತ್ತೆ ತಾವೂ ಗೋಡೆ ಮುಟ್ಟಿ ನೋಡಿದರು. ಸಂಜೆ ನನ್ನನ್ನು ಕರೆದರು.

"ಒಂದ್ ಷರತ್ತು. ಗೆರಿ ನಿಂತ ಕೂಡ್ಲೆ ನನ್ನ ಕಡಿ ಬರಬೇಕು. ನೀರು ನಾನೇ ಹಾಕ್ತೇನಿ. ನನ್ನ ಎದುರ ಕೈ ತೊಳಿಬೇಕು."

"ಹೌದ್ರಿ ಅತ್ತಿ," ಎಂದೆ. ಕಾಲಿಗೆ ಬೀಳಬೇಕೆನಿಸಿತು, ಬಿದ್ದೆ. "ಏಳು, ಏಳು, ನಾಟಕ ಸಾಕು," ಎಂದರು.

ಆ ಐದಾರು ದಿನಗಳು! ಬೆಳಿಗ್ಗೆ ಚಳಿಯಲ್ಲಿ ಸುಣ್ಣ ಕೊರೆಯುತ್ತಿತ್ತು. ಬೆರಳ ತುದಿ ಒಡೆದು ಉರಿಯುತ್ತಿತ್ತು. ಸೂರ್ಯ ಏರಿದಂತೆ ಬಿಸಿಲಿನ ಪಟ್ಟಿ ಗೋಡೆಯ ಮೇಲೆ ಸರಿಯುತ್ತಿತ್ತು, ಅದರ ಹಿಂದೆ ನನ್ನ ಬಳ್ಳಿ. ಎತ್ತು ಬಂತು, ಉದ್ದ ರೆಪ್ಪೆಯ ಸಮೇತ. ತೆನೆ ಬಾಗಿತು. ಸಿದ್ದಮ್ಮನ ಅರ್ಧ ತೊಟ್ಟಿಲಿಗೆ ಹಗ್ಗ ಹಾಕಿ ಒಳಗೆ ಕೂಸು ಮಲಗಿಸಿದೆ. ಆಕೆ ಅದನ್ನು ನೋಡಿದಳು; ಮಧ್ಯಾಹ್ನ ನನ್ನ ರೊಟ್ಟಿಯ ಮೇಲೆ ಮಾತ್ರ ಬೆಣ್ಣೆ ಎರಡು ಮುದ್ದೆ ಇತ್ತು.

ದಿನವೂ ಕೈ ಒಡ್ಡಿಕೊಂಡು ಅತ್ತೆಯ ಮುಂದೆ ಹೋಗುತ್ತಿದ್ದೆ. ಅವರು ಎಲ್ಲಿದ್ದರೂ ಕೆಲಸ ಬಿಟ್ಟು ಚೊಂಬಿನಿಂದ ನೀರು ಹಾಕುತ್ತಿದ್ದರು. ಮೊದಲ ದಿನ ಕಾವಲುಗಾರರ ಮುಖ. ಎರಡನೆಯ ದಿನ ಒಡೆದ ಬೆರಳು ನೋಡಿ ಕುಸುಬಿ ಎಣ್ಣೆ ತಂದು ಹಚ್ಚಿದರು. ಮೂರನೆಯ ದಿನ ಕೈ ತೊಳೆದಾದ ಮೇಲೆ ಇದ್ದಕ್ಕಿದ್ದಂತೆ ಕೇಳಿದರು:

"ಅಷ್ಟೊತ್ತ ನಿಂದರ್ತಿ. ಗೆರಿ ಎಳಿಯುವಾಗ ನಿನಗ ಏನಾಗ್ತದ?"

ಯೋಚನೆ ಮಾಡಿದೆ. "ಏನೂ ಆಗಂಗಿಲ್ರಿ ಅತ್ತಿ. ಅದಕ್ಕೇ ಚಂದ ಅನಸ್ತದ."

ಕೆಳಗಿಡಲು ಹೋದ ಚೊಂಬು ಅವರ ಕೈಯಲ್ಲೇ ನಿಂತಿತು. "ಏನೂ ಆಗಂಗಿಲ್ಲ..." ಎಂದು ತಮಗೆ ತಾವೇ ಅಂದುಕೊಂಡರು. "ಈ ಮನಿಗಿ ಬಂದು ಮೂವತ್ತು ವರ್ಷಾತು. ಏನೂ ಆಗದ ಒಂದ್ ಗಳಿಗಿ ನಾ ನೋಡೇ ಇಲ್ಲ ನೋಡು." ಅಷ್ಟರಲ್ಲಿ ಯಾರೋ "ಅವ್ವಾ!" ಎಂದು ಕೂಗಿದರು, ಅವರು ಹೋಗಿಬಿಟ್ಟರು. ನಾನು ಒದ್ದೆ ಕೈಯಲ್ಲೇ ಅವರು ಹೋದ ಕಡೆ ನೋಡುತ್ತ ನಿಂತೆ. ಅದುವರೆಗೆ ಅತ್ತೆ ಎಂದರೆ ನನ್ನ ಮಟ್ಟಿಗೆ ಒಂದು ದನಿ, ಒಂದು ಕೀಲಿಗೊಂಚಲು. ಅವರನ್ನು ಕರೆಯುವವರು ನನ್ನನ್ನು ಕರೆಯುವವರಿಗಿಂತ ಹೆಚ್ಚು ಎಂದು ಅಂದು ಎಣಿಸಿದೆ.

ಅರಿಶಿಣದ ದಿನ ಬಂತು. ಮರುದಿನ ಮದುವೆ. ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಅಂಗಳದಲ್ಲಿ ಮೂರು ಕಲ್ಲೊಲೆ, ಹೊರಗೆ ಬಂಡಿಗಳ ಸಾಲು. ಗೋಡೆಯಲ್ಲಿ ಉಳಿದದ್ದು ಗೇಣುದ್ದ ಜಾಗ, ದೀಪದ ಗೂಡಿನ ಮೇಲೆ. ಅಲ್ಲಿ ಎರಡು ಗಿಳಿ ಎದುರುಬದುರಾಗಿ ಕೂರಬೇಕು. ಮೊದಲ ದಿನದಿಂದಲೂ ನಾನು ಅದನ್ನು ಕಡೆಗೆ ಎಂದು ಎತ್ತಿಟ್ಟುಕೊಂಡಿದ್ದೆ. ಇಷ್ಟದ ತಿಂಡಿಯನ್ನು ತಟ್ಟೆಯ ಅಂಚಿಗೆ ಸರಿಸಿಡುವುದಿಲ್ಲವೇ, ಹಾಗೆ. ಆ ಗಿಳಿಗಳ ಕೊಕ್ಕು ಹೇಗಿರಬೇಕೆಂದು ಕನಸಿನಲ್ಲೂ ಎಳೆದು ನೋಡಿದ್ದೆ. ಗೋಡೆ ಒಣಗುವ ಅಂಚಿಗೆ ಬಂದಿತ್ತು. ಈ ಮನೆಯಲ್ಲಿ ಮತ್ತೆ ಮದುವೆ ಯಾವಾಗಲೋ, ಮತ್ತೆ ಆ ಹೊತ್ತು ನನಗೆ ಯಾವಾಗ ಸಿಗುತ್ತದೋ. 

ಕುಡಿಕೆ ಹಿಡಿದು ಹೋದರೆ ಗೋಡೆಯ ಮುಂದೆ ಅತ್ತೆ ನಿಂತಿದ್ದರು. ಎಲ್ಲರೂ ಅವರನ್ನು ಹುಡುಕುತ್ತಿದ್ದರು, "ಅವ್ವಾ, ಬೆಲ್ಲ ಎಲ್ಲಿ?" "ಅತ್ತೀ, ಅಕ್ಕಿ ಎಷ್ಟ ಹಾಕ್ಲಿ?" "ಅವ್ವಾ, ಕೀಲಿ!" ಅವರು ಎಲ್ಲರಿಂದ ತಪ್ಪಿಸಿಕೊಂಡು ಬಂದವರಂತೆ ಗೋಡೆಯನ್ನೇ ನೋಡುತ್ತಿದ್ದರು. ಖಾಲಿ ಉಳಿದ ಗೇಣು ಜಾಗದ ಮೇಲೆ ಅಂಗೈ ಇಟ್ಟಿದ್ದರು. ನನ್ನನ್ನು ಕಂಡು ಕೈ ತೆಗೆದರು.

"ಬರಿ, ಬರಿ. ನಾ ಸುಮ್ಮ ನೋಡಾಕ ಬಂದಿದ್ದೆ."

ಅವರು ಹೊರಟರು. ನನ್ನೊಳಗೆ ಒಂದು ಕ್ಷಣ ಜಗಳ ನಡೆಯಿತು, ಬಹಳ ದಿನಗಳ ಮೇಲೆ ನಡೆದ ಜಗಳ. ಗಿಳಿಗಳು ನನ್ನವು! ಸುಣ್ಣ ಕಲಸಿದವಳು ನಾನು, ಬೆರಳು ಒಡೆದದ್ದು ನನ್ನದು. ಆದರೂ ನನ್ನ ಕೈ ತಾನಾಗಿ ಮುಂದೆ ಹೋಗಿ ಕುಡಿಕೆಯನ್ನು ಅವರ ಮುಂದೆ ಹಿಡಿಯಿತು.

"ಅತ್ತಿ, ಉಸಿರು ಬಿಡಕೋತ ಎಳೀರಿ. ಅಷ್ಟೇ ಅದ."

ಅವರು ನನ್ನ ಮುಖ ನೋಡಿದರು. "ಹುಚ್ಚಿ, ಇವತ್ತೇನು ನನಗ ಪುರಸತ್ತದೇನು?" ಎಂದರು. ಹಾಗೆನ್ನುತ್ತಲೇ ಸೊಂಟದ ಕೀಲಿಗೊಂಚಲು ಬಿಚ್ಚಿದರು. ನನ್ನ ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದರು. ಆಮೇಲೆ ಬೆರಳು ಸುಣ್ಣಕ್ಕೆ ಅದ್ದಿದರು.

ಇನ್ನು ಅವರನ್ನು ಯಾರೂ ಕರೆಯುವಂತಿರಲಿಲ್ಲ. ಆದರೆ ಆ ಗದ್ದಲದಲ್ಲಿ ಇದು ಯಾರಿಗೆ ಗೊತ್ತು? ನೆಂಟರೆಲ್ಲ ಹೊಸಬರು. ನಾನು ಪಡಸಾಲೆಯ ಬಾಗಿಲಿಗೆ ಅಡ್ಡ ನಿಂತೆ, ಚೌಕಟ್ಟಿನ ಎರಡೂ ಬದಿ ಹಿಡಿದು. ದೇವರು ನನಗೆ ಈ ಬಾಯಿ ಕೊಟ್ಟದ್ದು ಸುಮ್ಮನೆ ಅಲ್ಲ. "ಬೆಲ್ಲ ಮಾಡದಾಗ ಅದ, ಹೋಗ್ರಿ. ಅಕ್ಕಿ ಸಿದ್ದಮ್ಮಕ್ಕಗ ಕೇಳ್ರಿ. ಏ, ನೀ ಎಲ್ಲಿಗಿ ನುಗ್ಗತಿ? ಗ್ವಾಡಿ ಹತ್ರ ಯಾರೂ ಬರಂಗಿಲ್ಲ!" ಮಕ್ಕಳನ್ನು ಅಟ್ಟಿದೆ, ಅಡುಗೆಯವರನ್ನು ಅಟ್ಟಿದೆ. ಅಫಜಲಪುರದಿಂದ ಬಂದ ಆ ಸೋದರತ್ತೆಯನ್ನೂ ಕೈ ಹಿಡಿದು ಅಂಗಳದ ಕಡೆ ತಿರುಗಿಸಿದೆ. "ಅಯ್ಯ, ಈಕಿ ಮೂಕಿ ಅಲ್ಲ!" ಎಂದು ಆಕೆ ಬಾಯಿಮೇಲೆ ಕೈ ಇಟ್ಟುಕೊಂಡಳು. ನನಗೆ ಹೇಳತೀರದ ಉತ್ಸಾಹ. ಬೆನ್ನ ಹಿಂದೆ ಅತ್ತೆಯ ಉಸಿರು ಕೇಳಿಸುತ್ತಿತ್ತು, ಉದ್ದವಾಗಿ ಹೊರಗೆ, ನಿಂತು, ಮತ್ತೆ ಉದ್ದವಾಗಿ.

ಆಗ ಮಾವ ಬಂದರು. ಮಾವನ ಎದುರು ಸೊಸೆಯಂದಿರು ಮಾತಾಡುವುದು ಆ ಮನೆಯಲ್ಲಿ ಇರಲೇ ಇಲ್ಲ. ಅವರು ಬಂದರೆ ನಾವು ಸೆರಗು ಎಳೆದುಕೊಂಡು ಮರೆಯಾಗುತ್ತಿದ್ದೆವು. ಎಷ್ಟು ಬಾಯಿಬಡುಕಿಯಾದರೂ ಆ ಒಂದೂವರೆ ವರ್ಷದಲ್ಲಿ ನಾನು ಅವರಿಗೆ ಒಂದು ಅಕ್ಷರ ಹೇಳಿರಲಿಲ್ಲ. ದೊಡ್ಡ ರುಮಾಲು, ಕಾಲಲ್ಲಿ ನಡೆದರೆ ಕರಕರ ಎನ್ನುವ ಹೊಸ ಚರ್ಮದ ಕಾಲ್ಮರಿ. ಅಂಗಳ ದಾಟುತ್ತಲೇ ಕೂಗಿದರು:

"ಎಲ್ಲಿ ಹೋಗ್ಯಾಳಾಕಿ? ಹಿರೇರು ಬಂದು ಕುಂತಾರ. ಜಮಖಾನಿ ತಗೀಬೇಕು, ಕೀಲಿ ಬೇಕಾಗೇದ. ಏ, ಕರೀರಿ ಆಕಿನ್ನ!"

ಕಾಲು ಒಳಗೆ ಓಡಿಹೋಗು ಎಂದವು. ಓಡಿದರೆ ಬಾಗಿಲು ತೆರವಾಗುತ್ತದೆ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ, ಚೌಕಟ್ಟು ಬಿಡಲಿಲ್ಲ.

"ಮಾವಾರ," ಎಂದೆ. ಅಂಗಳದಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. "ಅತ್ತಿಯವರು ಗೆರಿ ಎಳಿಯಾಕತ್ತಾರ್ರಿ. ಈಗ ಬರಂಗಿಲ್ಲ. ಕೀಲಿ ನನ್ನ ಹತ್ರ ಅವ. ಏನ್ ಬೇಕು ನನಗ ಹೇಳ್ರಿ."

ಮಾವ ನಿಂತಲ್ಲೇ ನಿಂತರು. ನನ್ನನ್ನು ನೋಡಿದರು, ಆಮೇಲೆ ನನ್ನ ತಲೆಯ ಮೇಲಿನಿಂದ ಒಳಗೆ ನೋಡಿದರು. ಅಲ್ಲಿ ಅವರ ಹೆಂಡತಿ ಗೋಡೆಗೆ ಮುಖ ಮಾಡಿ, ಒಂದು ಕೈಯಲ್ಲಿ ಕುಡಿಕೆ ಹಿಡಿದು, ಗೂಡಿನ ಮೇಲೆ ಬೆರಳು ಆಡಿಸುತ್ತ ನಿಂತಿದ್ದರು. ಮಾವ ಎಷ್ಟು ಹೊತ್ತು ನೋಡಿದರೋ ನನಗೆ ತಿಳಿಯದು, ನಾನು ನೆಲ ನೋಡುತ್ತಿದ್ದೆ. ಕಡೆಗೆ ಅವರು ಬಗ್ಗಿದ್ದು ಕಂಡಿತು. ಒಂದಾದ ಮೇಲೆ ಒಂದು ಕಾಲ್ಮರಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ಬರಿಗಾಲಲ್ಲಿ, ಸದ್ದಾಗದಂತೆ ಹೆಜ್ಜೆ ಇಡುತ್ತ ಅಂಗಳ ದಾಟಿ ಹೋದರು.

ಅತ್ತೆಗೆ ಇದ್ಯಾವುದೂ ಕೇಳಿಸಿರಲಿಲ್ಲ.